ಕೆಲಸದಲ್ಲಿ ಹೆಣ್ಣಿಗೆ ದೇವರ ವರ: ಕ್ರೈಸ್ತರು ಹೇಳುವುದೇನು, ಯಾಕೆ?

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಅಲ್ಲಿಂದ ಶುರುವಾಯಿತು ವಾದ. ಸಮಾನತೆ ಬೇಕು ಅಂದಮೇಲೆ ಬೇರೆ ರಜೆ ಯಾಕೆ ಎಂದು ಕೆಲವರು. ದೇಹ ಬೇರೆ ಇರುವಾಗ ನಿಯಮ ಮಾತ್ರ ಒಂದೇ ಇರಬೇಕಾ ಎಂದು ಇನ್ನು ಕೆಲವರು. ಹೀಗೆ ಮಾಡಿದರೆ ಹೆಣ್ಣುಮಕ್ಕಳನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಭಯ ಬೇರೆ.

ಇದರ ಅಡಿಯಲ್ಲಿ ಇನ್ನೊಂದು ದೊಡ್ಡ ಪ್ರಶ್ನೆ ಇದೆ. ಕೆಲಸದ ಜಾಗದಲ್ಲಿ ಹೆಣ್ಣು ಗಂಡಿನ ಹಾಗೇನಾ, ಬೇರೆಯಾ? ಬೇರೆ ಅನ್ನುವುದಾದರೆ ಅದು ಕೊರತೆಯಾ, ಶಕ್ತಿಯಾ? ಈ ಪ್ರಶ್ನೆಯನ್ನು ಬಹಳ ಕಾಲದಿಂದ ಹಿಡಿದು ಜಗ್ಗುತ್ತಿರುವವರಲ್ಲಿ ಕ್ರೈಸ್ತರೂ ಇದ್ದಾರೆ. ‘ಹೆಣ್ಣಿಗೆ ದೇವರು ಕೊಟ್ಟ ವಿಶೇಷ ವರಗಳು’ ಎಂಬ ಮಾತು ಚರ್ಚಿನ ಪ್ರವಚನದಲ್ಲಿ, ಮದುವೆಯ ಉಪದೇಶದಲ್ಲಿ, ಮಹಿಳಾ ಸಂಘದ ಸಭೆಯಲ್ಲಿ ಆಗಾಗ ಕೇಳಿಬರುತ್ತದೆ.

ನಮ್ಮ ಉತ್ತರ ಕನ್ನಡದಲ್ಲಿ ಇದು ಬರೀ ಕ್ರೈಸ್ತರ ಮನೆಯ ವಿಷಯವೂ ಅಲ್ಲ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕರಿದ್ದಾರೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಕ್ರೈಸ್ತರಿದ್ದಾರೆ. 1976ರಲ್ಲಿ ಕಾರವಾರವೇ ಒಂದು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ಆಯಿತು. ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲಿ ಓದಿದವರು ಎಲ್ಲ ಜಾತಿ ಧರ್ಮಗಳಲ್ಲೂ ಇದ್ದಾರೆ. ಆ ಸಿಸ್ಟರ್‌ಗಳೂ ದುಡಿಯುವ ಹೆಂಗಸರೇ ಅಲ್ವಾ? ಅವರು ಯಾವ ನಂಬಿಕೆಯಿಂದ ದುಡಿಯುತ್ತಾರೆ ಎಂದು ತಿಳಿದರೆ ಈ ಚರ್ಚೆಯೂ ಸ್ವಲ್ಪ ತಿಳಿಯಾಗುತ್ತದೆ.

ವರ ಅಂದರೆ ಏನು?

ಕ್ರೈಸ್ತರು ವರ ಎನ್ನುವುದು ಸಂಪಾದನೆಯನ್ನಲ್ಲ, ಬಹುಮಾನವನ್ನೂ ಅಲ್ಲ. ದೇವರು ತಾನಾಗಿ ಕೊಟ್ಟ ಸಾಮರ್ಥ್ಯ ಅದು. ಕೊಟ್ಟದ್ದು ಇಟ್ಟುಕೊಳ್ಳಲು ಅಲ್ಲ, ಬೇರೆಯವರಿಗೆ ಉಪಯೋಗಕ್ಕೆ ಬರಲಿ ಎಂದು.

ಈ ವಿಚಾರ ಸ್ಪಷ್ಟವಾಗಿ ಸಿಗುವುದು ಯೇಸುವಿನ ಸಂದೇಶ ಸಾರುತ್ತ ಊರೂರು ತಿರುಗಿದ ಪೌಲ ಬರೆದ, ಬೈಬಲಿನಲ್ಲಿ ಸೇರಿರುವ ಪತ್ರಗಳಲ್ಲಿ. ಕ್ರಿ.ಶ. 55ರ ಸುಮಾರಿಗೆ ಆತ ಗ್ರೀಸಿನ ಕೊರಿಂಥಕ್ಕೆ ಒಂದು ಪತ್ರ ಬರೆದ. ಕೊರಿಂಥ ಬಂದರುಗಳ ನಡುವಿನ ವ್ಯಾಪಾರದ ಊರು. ಅಲ್ಲಿನ ಹೊಸ ಕ್ರೈಸ್ತರು ಯಾರ ವರ ದೊಡ್ಡದು ಎಂದು ಜಗಳ ಮಾಡುತ್ತಿದ್ದರು. ಪೌಲ ಹೇಳಿದ ಮಾತಿನ ಸಾರ ಇಷ್ಟು: ವರಗಳು ಬೇರೆ ಬೇರೆ, ಕೊಡುವ ದೇವರ ಆತ್ಮ ಒಂದೇ. ಒಬ್ಬೊಬ್ಬರಿಗೂ ಕೊಟ್ಟಿರುವುದು ಎಲ್ಲರ ಹಿತಕ್ಕೆ. ಎಲ್ಲ ವರವೂ ಒಬ್ಬರಲ್ಲೇ ಇರುವುದಿಲ್ಲ.

ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಬ್ಬ ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ಹೇಳುತ್ತಾನೆ. ಕೆಲವರು ದೋಣಿಯಲ್ಲಿ ಸುತ್ತು ಹಾಕಿ ಬಲೆ ಬಿಡುತ್ತಾರೆ. ದಡದಲ್ಲಿ ಹತ್ತಾರು ಜನ ಎರಡೂ ತುದಿಯ ಹಗ್ಗ ಹಿಡಿದು ಎಳೆಯುತ್ತಾರೆ. ಹಿಂಡು ಕಂಡುಹಿಡಿಯುವವನ ಕಣ್ಣು ಚುರುಕು, ನಿಜ. ಆದರೆ ಆ ಕಣ್ಣಿನಿಂದ ತುಂಬಬೇಕಾದ್ದು ಎಲ್ಲರ ಪಾಲಿನ ಬುಟ್ಟಿ. ಹಗ್ಗ ಎಳೆಯುವವರಿಲ್ಲದೆ ಅವನ ಕಣ್ಣಿನಿಂದ ಒಂದು ಬಂಗಡೆಯೂ ದಡ ಸೇರುವುದಿಲ್ಲ.

ಪೌಲನ ಪತ್ರಗಳಲ್ಲಿ ವರಗಳ ಪಟ್ಟಿಯೇ ಇದೆ. ವಿವೇಕ, ತಿಳಿವಳಿಕೆ, ಬೋಧನೆ, ಗುಣಪಡಿಸುವುದು, ಸಹಾಯ ಮಾಡುವುದು, ಆಡಳಿತ ನಡೆಸುವುದು, ಧೈರ್ಯ ಹೇಳುವುದು, ಕರುಣೆ ತೋರುವುದು. ಯಾವುದರ ಮುಂದೆಯೂ ಇದು ಗಂಡಸರದ್ದು, ಇದು ಹೆಂಗಸರದ್ದು ಎಂದು ಬರೆದಿಲ್ಲ. ಆಡಳಿತದ ವರ ಗಂಡಿಗೆ, ಕರುಣೆಯ ವರ ಹೆಣ್ಣಿಗೆ ಎಂಬ ಹಂಚಿಕೆ ನಾವು ಮಾಡಿಕೊಂಡದ್ದು. ಬೈಬಲಿನ ಪಟ್ಟಿಯಲ್ಲಿ ಅದು ಇಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕೆಲಸ ಮೊದಲು, ಕಷ್ಟ ಆಮೇಲೆ

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಅಧ್ಯಾಯದಲ್ಲೇ ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ, ಗಂಡು ಹೆಣ್ಣಾಗಿ ಸೃಷ್ಟಿಸಿದ ಎಂದಿದೆ. ಭೂಮಿಯನ್ನು ನೋಡಿಕೊಳ್ಳುವ ಜವಾಬ್ದಾರಿ ಕೊಟ್ಟದ್ದು ಇಬ್ಬರಿಗೂ ಒಟ್ಟಿಗೆ. ಅವಳಿಗೆ ಅಡುಗೆಮನೆ, ಅವನಿಗೆ ಹೊಲ ಎಂದು ಅಲ್ಲಿ ಬೇರೆ ಮಾಡಿಲ್ಲ.

ಬೆವರು, ಮುಳ್ಳು, ಹೆರಿಗೆಯ ನೋವು, ಗಂಡ ಹೆಂಡತಿಯ ಮೇಲೆ ಅಧಿಕಾರ ನಡೆಸುವುದು, ಇವೆಲ್ಲ ಬರುವುದು ಮೂರನೆಯ ಅಧ್ಯಾಯದಲ್ಲಿ. ಅಂದರೆ ಮನುಷ್ಯರು ದೇವರ ಮಾತು ಮೀರಿದ ಮೇಲೆ. ಹಾಗಾಗಿ ಗಂಡಿನ ದಬ್ಬಾಳಿಕೆ ದೇವರ ಮೂಲ ಯೋಜನೆ ಅಲ್ಲ, ಕೆಟ್ಟುಹೋದದ್ದರ ಗುರುತು ಎಂದು ಇಂದಿನ ಬಹಳಷ್ಟು ಕ್ರೈಸ್ತ ವಿದ್ವಾಂಸರು ಓದುತ್ತಾರೆ. ಒಪ್ಪದವರೂ ಇದ್ದಾರೆ, ಅವರ ಮಾತಿಗೆ ಆಮೇಲೆ ಬರೋಣ.

ಬೈಬಲಿನ ದುಡಿಯುವ ಹೆಂಗಸರು

ಕ್ರೈಸ್ತರು ‘ಒಳ್ಳೆಯ ಹೆಂಡತಿ’ ಎಂದಾಗಲೆಲ್ಲ ತೆಗೆಯುವ ಪುಟ ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದ 31ನೆಯ ಅಧ್ಯಾಯ. ಲೆಮೂವೇಲ ಎಂಬ ರಾಜನಿಗೆ ಅವನ ತಾಯಿ ಕಲಿಸಿದ ಮಾತುಗಳಿಂದ ಆ ಅಧ್ಯಾಯ ಶುರುವಾಗುತ್ತದೆ. ಕೊನೆಯ 22 ವಚನಗಳು ಒಂದು ಪದ್ಯ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಲ್ಲಿ ಒಂದೊಂದರಿಂದ ಒಂದೊಂದು ವಚನ. ಕಂಠಪಾಠಕ್ಕೆ ಸುಲಭವಾಗಲಿ ಎಂದಿರಬೇಕು.

ಮದುವೆಗಳಲ್ಲಿ ಈ ಪದ್ಯ ಓದುವಾಗ ನಮ್ಮ ಕಿವಿಗೆ ಬೀಳುವುದು ತಾಳ್ಮೆ, ಗೃಹಿಣಿ, ಗಂಡನ ನಂಬಿಕೆ. ನಿಧಾನವಾಗಿ ಓದಿ ನೋಡಿ, ಈ ಹೆಂಗಸು ಮಾಡುವುದು ವ್ಯಾಪಾರ. ಒಂದು ಹೊಲ ನೋಡುತ್ತಾಳೆ, ಲೆಕ್ಕ ಹಾಕುತ್ತಾಳೆ, ಕೊಳ್ಳುತ್ತಾಳೆ. ತಾನು ದುಡಿದ ಹಣದಲ್ಲಿ ದ್ರಾಕ್ಷಿ ತೋಟ ಹಾಕುತ್ತಾಳೆ. ದೂರದಿಂದ ಆಹಾರ ತರುವ ಅವಳನ್ನು ವ್ಯಾಪಾರದ ಹಡಗಿಗೆ ಹೋಲಿಸಿದ್ದಾರೆ. ನಾರುಬಟ್ಟೆ ನೇಯ್ದು ಮಾರುತ್ತಾಳೆ, ವರ್ತಕರಿಗೆ ನಡುಕಟ್ಟು ಒದಗಿಸುತ್ತಾಳೆ. ತನ್ನ ಸರಕು ಲಾಭದ್ದು ಎಂಬುದು ಅವಳಿಗೆ ಗೊತ್ತು. ತೋಳಿನಲ್ಲಿ ಬಲವಿದೆ. ಬಡವರಿಗೆ ಕೈ ಚಾಚುತ್ತಾಳೆ. ಬಾಯಿ ತೆರೆದರೆ ವಿವೇಕದ ಮಾತು.

ಕೊನೆಯ ವಚನ ಇನ್ನೂ ಮುಖ್ಯ. ಅವಳ ಕೈಯ ದುಡಿಮೆಯ ಫಲವನ್ನು ಅವಳಿಗೆ ಕೊಡಿ, ಊರ ಬಾಗಿಲಲ್ಲಿ ಅವಳ ಕೆಲಸಗಳೇ ಅವಳನ್ನು ಹೊಗಳಲಿ ಎನ್ನುತ್ತದೆ ಅದು. ಆ ಕಾಲದಲ್ಲಿ ಊರ ಬಾಗಿಲು ಅಂದರೆ ನ್ಯಾಯ, ವ್ಯಾಪಾರ, ಪಂಚಾಯಿತಿ ನಡೆಯುವ ಜಾಗ. ಹೊಗಳಿಕೆಯ ಪದ್ಯ ಮುಗಿಯುವುದು ಕೂಲಿಯ ಮಾತಿನಲ್ಲಿ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವ ಸಾಲು ಇದೇ. ಮದುವೆಯಲ್ಲಿ ಓದುವವರು ಇಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಬೇಕು.

ಇನ್ನೂ ಕೆಲವರಿದ್ದಾರೆ. ದೆಬೋರ ಖರ್ಜೂರದ ಮರದ ಕೆಳಗೆ ಕೂತು ಇಸ್ರಾಯೇಲ್ಯರ ವ್ಯಾಜ್ಯ ಬಗೆಹರಿಸುತ್ತಿದ್ದ ನ್ಯಾಯಾಧೀಶೆ. ಲಿಡಿಯಾ ಥುವತೈರ ಎಂಬ ಊರಿನವಳು. ಬೆಲೆಬಾಳುವ ನೇರಳೆ ಬಣ್ಣದ ಬಟ್ಟೆಯ ವ್ಯಾಪಾರಿ. ಫಿಲಿಪ್ಪಿಯಲ್ಲಿ ಪೌಲನ ಮಾತು ಕೇಳಿ ನಂಬಿದಳು, ಅವನನ್ನೂ ಜೊತೆಯವರನ್ನೂ ಒತ್ತಾಯ ಮಾಡಿ ತನ್ನ ಮನೆಯಲ್ಲೇ ಉಳಿಸಿಕೊಂಡಳು. ಪ್ರಿಸ್ಕಿಲ್ಲ ಮತ್ತು ಅವಳ ಗಂಡ ಅಕ್ವಿಲ ಡೇರೆ ಮಾಡುವವರು. ಪೌಲನ ಕಸುಬೂ ಅದೇ, ಹಾಗಾಗಿ ಕೊರಿಂಥದಲ್ಲಿ ಮೂವರೂ ಒಟ್ಟಿಗೆ ದುಡಿದರು. ಅಪೊಲ್ಲೋಸ ಎಂಬ ದೊಡ್ಡ ವಾಗ್ಮಿಗೆ ತಿಳಿಯದ್ದನ್ನು ಗಂಡ ಹೆಂಡತಿ ಇಬ್ಬರೂ ಕೂರಿಸಿಕೊಂಡು ತಿಳಿಸಿದರು. ಯೊಪ್ಪ ಎಂಬ ಬಂದರಿನಲ್ಲಿ ತಬಿಥಾ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಅವಳು ಸತ್ತಾಗ ಆ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದ ಅಂಗಿಗಳನ್ನು.

ಯೇಸುವಿನ ಓಡಾಟಕ್ಕೆ ಖರ್ಚು ನೋಡಿಕೊಂಡವರಲ್ಲೂ ಹೆಂಗಸರಿದ್ದರು. ಮಗ್ದಲದ ಮರಿಯ, ಹೆರೋದನ ಮನೆಯ ಮೇಲ್ವಿಚಾರಕ ಕೂಜನ ಹೆಂಡತಿ ಯೋಹಾನ್ನ, ಸುಸನ್ನ, ಇನ್ನೂ ಹಲವರು ತಮ್ಮ ಸ್ವಂತ ಹಣದಿಂದ ಸಹಾಯ ಮಾಡುತ್ತಿದ್ದರು ಎಂದು ಯೇಸುವಿನ ಕತೆ ಬರೆದ ಲೂಕ ಹೇಳುತ್ತಾನೆ.

ಮುಟ್ಟಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಮುಟ್ಟಿನ ಹೆಂಗಸಿಗೆ ಏಳು ದಿನ ಮೈಲಿಗೆ ಎಂಬ ನಿಯಮ ಇದೆ. ಯೇಸುವಿನ ಕತೆ ಇರುವ ಎರಡನೆಯ ಭಾಗ ಹೊಸ ಒಡಂಬಡಿಕೆಯಲ್ಲಿ, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಒಬ್ಬಳು ಗುಂಪಿನಲ್ಲಿ ನುಗ್ಗಿ ಹಿಂದಿನಿಂದ ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಮೈಲಿಗೆ ಆಯಿತೆಂದು ಅವರು ಬೈಯಲಿಲ್ಲ. ಎಲ್ಲರೆದುರು ‘ಮಗಳೇ’ ಎಂದು ಕರೆದರು, ಸಮಾಧಾನದಿಂದ ಹೋಗು ಎಂದರು. ಮುಟ್ಟಾದವರು ಚರ್ಚಿಗೆ ಬರಬಾರದು ಎಂಬ ನಿಯಮ ಇಲ್ಲಿನ ಕ್ಯಾಥೊಲಿಕರಲ್ಲಿ ಇಲ್ಲ. ರಜೆ ಬೇಕೋ ಬೇಡವೋ ಎಂಬುದಕ್ಕೆ ಬೈಬಲಿನಲ್ಲಿ ನೇರ ಉತ್ತರ ಸಿಗುವುದಿಲ್ಲ. ಆದರೆ ಆ ನೋವನ್ನು ನಾಚಿಕೆಯ ವಿಷಯ ಮಾಡಬಾರದು ಎಂಬುದಕ್ಕೆ ಈ ಕತೆ ಸಾಕು.

‘ಹೆಣ್ಣಿನ ವಿಶೇಷ ವರ’ ಎಂಬ ಮಾತು ಎಲ್ಲಿಂದ ಬಂತು?

ಬೈಬಲಿನ ಪಟ್ಟಿಯಲ್ಲಿ ಇಲ್ಲದ ಮಾತು ಪ್ರವಚನದಲ್ಲಿ ಹೇಗೆ ಬಂತು? ಕ್ಯಾಥೊಲಿಕರ ಮಟ್ಟಿಗೆ ಇದಕ್ಕೆ ಸುಮಾರು ನೂರು ವರ್ಷದ ಕತೆ ಇದೆ.

1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ ಒಂದು ದೊಡ್ಡ ಪತ್ರ ಬರೆದರು. ಯೂರೋಪಿನ ಕಾರ್ಖಾನೆಗಳಲ್ಲಿ ಹೆಂಗಸರೂ ಮಕ್ಕಳೂ ನಲುಗುತ್ತಿದ್ದ ಕಾಲ. ಕೆಲಸಗಾರರಿಗೆ ನ್ಯಾಯವಾದ ಕೂಲಿ ಸಿಗಬೇಕು ಎಂದು ಅವರು ಗಟ್ಟಿಯಾಗಿ ಹೇಳಿದರು. ಆದರೆ ಹೆಣ್ಣು ಸ್ವಭಾವದಿಂದಲೇ ಮನೆಗೆಲಸಕ್ಕೆ ತಕ್ಕವಳು ಎಂಬ ಮಾತೂ ಅದರಲ್ಲಿತ್ತು.

ನಡುವೆ ಬಂದವರು ಈಡಿತ್ ಸ್ಟೈನ್. 1891ರಲ್ಲಿ ಯಹೂದಿ ಮನೆಯಲ್ಲಿ ಹುಟ್ಟಿದವರು, ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಹೆಣ್ಣು ಎಂಬ ಕಾರಣಕ್ಕೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಅವರಿಗೆ ಪ್ರಾಧ್ಯಾಪಕ ಹುದ್ದೆಯ ದಾರಿ ತೆರೆಯಲಿಲ್ಲ. 1922ರಲ್ಲಿ ಕ್ಯಾಥೊಲಿಕರಾದರು, ಶಾಲೆಯಲ್ಲಿ ಪಾಠ ಮಾಡಿದರು, 1930ರ ಆಸುಪಾಸಿನಲ್ಲಿ ಹೆಣ್ಣು ಮತ್ತು ಉದ್ಯೋಗದ ಬಗ್ಗೆ ಉಪನ್ಯಾಸ ಕೊಟ್ಟರು. ಆಮೇಲೆ ಕಾನ್ವೆಂಟ್ ಸೇರಿದರು. 1942ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಜ್‌ನಲ್ಲಿ ಕೊಂದರು. 1998ರಲ್ಲಿ ಚರ್ಚ್ ಅವರನ್ನು ಸಂತರೆಂದು ಘೋಷಿಸಿತು.

ಅವರ ವಾದದಲ್ಲಿ ಎರಡು ತುದಿಗಳಿವೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಹೆಣ್ಣಿನ ಮನಸ್ಸು ವಸ್ತುವಿಗಿಂತ ಮನುಷ್ಯರ ಕಡೆಗೆ, ಬಿಡಿ ಭಾಗಕ್ಕಿಂತ ಇಡೀ ಮನುಷ್ಯನ ಕಡೆಗೆ ಹೆಚ್ಚು ವಾಲುತ್ತದೆ ಎಂಬುದು ಒಂದು. ಹೆಣ್ಣು ಮಾಡಲಾಗದ ಉದ್ಯೋಗವೇ ಇಲ್ಲ ಎಂಬುದು ಇನ್ನೊಂದು. ಯಾವ ಹೆಂಗಸೂ ಬರೀ ಹೆಂಗಸಲ್ಲ. ಗಂಡಸಿನ ಹಾಗೇ ಒಬ್ಬೊಬ್ಬಳಿಗೂ ತನ್ನದೇ ಪ್ರತಿಭೆ ಇದೆ. ಕಲೆಯಿರಬಹುದು, ವಿಜ್ಞಾನವಿರಬಹುದು, ಯಂತ್ರದ ಕೆಲಸವಿರಬಹುದು. ಅವಳು ಎಲ್ಲಿ ಹೋದರೂ ಆ ಮನುಷ್ಯಪರ ನೋಟವನ್ನು ಜೊತೆಗೆ ಒಯ್ಯುತ್ತಾಳೆ. ಇದು ಅವರ ಲೆಕ್ಕ. ಕೈಗಾದ ಅಣುಸ್ಥಾವರದಲ್ಲಿ ಒಬ್ಬ ಹೆಣ್ಣುಮಗಳು ಇಂಜಿನಿಯರ್ ಆಗಿದ್ದರೆ, ಅವಳು ನರ್ಸ್ ಆಗಬೇಕಿತ್ತು ಎಂದು ಸ್ಟೈನ್ ಹೇಳುತ್ತಿರಲಿಲ್ಲ. ಅವಳು ಅಲ್ಲಿರುವುದರಿಂದ ಆ ಜಾಗಕ್ಕೆ ಏನು ಸಿಕ್ಕಿತು ಎಂದು ಕೇಳುತ್ತಿದ್ದರು.

ಪೋಪ್ ಎರಡನೇ ಜಾನ್ ಪಾಲ್ ಈ ವಿಚಾರಕ್ಕೆ ಅಧಿಕೃತ ರೂಪ ಕೊಟ್ಟರು. 1981ರಲ್ಲಿ ದುಡಿಮೆಯ ಬಗ್ಗೆ ಬರೆದ ಪತ್ರದಲ್ಲಿ, ಮುಂದೆ ಬರಬೇಕಾದರೆ ಹೆಣ್ಣು ತನ್ನತನವನ್ನು, ತಾಯ್ತನವನ್ನು ಬಲಿ ಕೊಡಬೇಕಾದಂಥ ವ್ಯವಸ್ಥೆ ಇರಬಾರದು ಎಂದರು. ಬದಲಾಗಬೇಕಾದ್ದು ದುಡಿಮೆಯ ವ್ಯವಸ್ಥೆ ಎಂಬುದು ಅದರ ಅರ್ಥ. 1988ರಲ್ಲಿ ಹೆಣ್ಣಿನ ಘನತೆಯ ಬಗ್ಗೆ ಬೇರೆಯೇ ಪತ್ರ ಬರೆದು, ಮನುಷ್ಯರನ್ನು ದೇವರು ಹೆಣ್ಣಿನ ಕೈಗೆ ವಿಶೇಷವಾಗಿ ಒಪ್ಪಿಸಿದ್ದಾನೆ ಎಂದರು. ‘ಹೆಣ್ಣಿನ ಪ್ರತಿಭೆ’ ಎಂಬ ಮಾತು ಬಳಕೆಗೆ ಬಂದದ್ದು ಇವರಿಂದ.

1995ರಲ್ಲಿ ಬೀಜಿಂಗ್‌ನಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ನಡೆಯಿತು. ಅದಕ್ಕೆ ಮೊದಲು, ಜೂನ್ 29ರಂದು, ಅವರು ಲೋಕದ ಹೆಂಗಸರಿಗೆಲ್ಲ ಒಂದು ಪತ್ರ ಬರೆದರು. ತಾಯಂದಿರಿಗೆ, ಹೆಂಡತಿಯರಿಗೆ, ದುಡಿಯುವವರಿಗೆ, ಸಿಸ್ಟರ್‌ಗಳಿಗೆ ಹೆಸರು ಹಿಡಿದು ಧನ್ಯವಾದ ಹೇಳಿದರು. ಹೆಣ್ಣನ್ನು ತುಳಿದದ್ದರಲ್ಲಿ ಚರ್ಚಿನವರ ಪಾಲೂ ಇದ್ದರೆ ಅದಕ್ಕೆ ವಿಷಾದವಿದೆ ಎಂದರು. ಸಮಾನ ಕೆಲಸಕ್ಕೆ ಸಮಾನ ಸಂಬಳ, ದುಡಿಯುವ ತಾಯಂದಿರಿಗೆ ರಕ್ಷಣೆ, ಬಡ್ತಿಯಲ್ಲಿ ನ್ಯಾಯ ಬೇಕು ಎಂದು ಒತ್ತಿ ಹೇಳಿದರು. ವರದ ಮಾತೂ ಸಂಬಳದ ಮಾತೂ ಒಂದೇ ಪತ್ರದಲ್ಲಿ ಇವೆ. ಪ್ರವಚನದಲ್ಲಿ ಸಾಮಾನ್ಯವಾಗಿ ಕೇಳುವುದು ಮೊದಲನೆಯದು ಮಾತ್ರ.

ಎಲ್ಲ ಕ್ರೈಸ್ತರೂ ಇದನ್ನೇ ಹೇಳುತ್ತಾರಾ?

ಇಲ್ಲ. ಪ್ರೊಟೆಸ್ಟಂಟರಲ್ಲಿ ಮುಖ್ಯವಾಗಿ ಎರಡು ಗುಂಪುಗಳಿವೆ. ಗಂಡು ಹೆಣ್ಣು ಬೆಲೆಯಲ್ಲಿ ಸಮಾನರು, ಆದರೆ ಪಾತ್ರಗಳು ಬೇರೆ, ಒಬ್ಬರು ಇನ್ನೊಬ್ಬರಿಗೆ ಪೂರಕ ಎನ್ನುವವರು ಒಂದು ಕಡೆ. ಮನೆಯಲ್ಲೂ ಚರ್ಚಿನಲ್ಲೂ ಮುಂದಾಳ್ತನ ಗಂಡಿನದು ಎಂಬುದು ಇವರ ನಿಲುವು. ಇನ್ನೊಂದು ಕಡೆಯವರ ಪ್ರಕಾರ ಪಾತ್ರ ನಿರ್ಧಾರವಾಗಬೇಕಾದ್ದು ವರದಿಂದ, ಲಿಂಗದಿಂದ ಅಲ್ಲ. ಹೆಣ್ಣು ಉಪದೇಶ ಮಾಡಬಾರದು ಎಂಬ ಅರ್ಥ ಕೊಡುವ ತಿಮೊಥೆಯನಿಗೆ ಬರೆದ ಪತ್ರದ ಮಾತನ್ನು ಮೊದಲನೆಯವರು ತೋರಿಸುತ್ತಾರೆ. ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬ ಗಲಾತ್ಯದವರಿಗೆ ಬರೆದ ಪತ್ರದ ಮಾತನ್ನು ಎರಡನೆಯವರು ತೋರಿಸುತ್ತಾರೆ.

ಗೊಂದಲ ಆಗುವುದು ಇಲ್ಲೇ. ಈ ಜಗಳ ಹೆಚ್ಚಾಗಿ ಚರ್ಚಿನ ವೇದಿಕೆಯ ಬಗ್ಗೆ, ಆಫೀಸಿನ ಬಗ್ಗೆ ಅಲ್ಲ. ಹೆಣ್ಣು ಪಾದ್ರಿಯಾಗಬಾರದು ಎನ್ನುವ ಬಹಳಷ್ಟು ಜನ ಅವಳು ಜಿಲ್ಲಾಧಿಕಾರಿಯಾಗುವುದಕ್ಕೆ, ಡಾಕ್ಟರ್ ಆಗುವುದಕ್ಕೆ ತಕರಾರು ಮಾಡುವುದಿಲ್ಲ. ಕ್ಯಾಥೊಲಿಕ್ ಚರ್ಚ್ ಹೆಣ್ಣಿಗೆ ಗುರುದೀಕ್ಷೆ, ಅಂದರೆ ಪಾದ್ರಿಯ ಪದವಿ, ಕೊಡುವುದಿಲ್ಲ, 1994ರಲ್ಲಿ ಇದನ್ನು ಮತ್ತೊಮ್ಮೆ ಖಚಿತಪಡಿಸಿತು. ಅದೇ ಚರ್ಚ್ 2025ರ ಜನವರಿಯಲ್ಲಿ ವ್ಯಾಟಿಕನ್‌ನ ಒಂದು ದೊಡ್ಡ ಇಲಾಖೆಗೆ ಮೊದಲ ಸಲ ಮಹಿಳೆಯನ್ನು, ಸಿಸ್ಟರ್ ಸಿಮೋನಾ ಬ್ರಂಬಿಲ್ಲಾ ಅವರನ್ನು, ಮುಖ್ಯಸ್ಥೆ ಮಾಡಿತು. ನಮ್ಮ ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಹೆಣ್ಣುಮಕ್ಕಳು ಪಾದ್ರಿಗಳಾಗುತ್ತಾರೆ, 2013ರಲ್ಲಿ ಪುಷ್ಪಲಲಿತಾ ಅವರು ಬಿಷಪ್ ಕೂಡ ಆದರು.

ನಮ್ಮ ಕಡೆ ಇದು ಹೇಗೆ ಕಾಣುತ್ತದೆ?

ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಹತ್ತಿರದಿಂದ ನೋಡಿ. ಸವೆದ ಸೀರೆ, ಲುಂಗಿ, ಮಕ್ಕಳ ಅಂಗಿ ಹರಿದು ತುಂಡು ಮಾಡಿರುತ್ತಾರೆ. ಒಂದು ಮೂಲೆಯಿಂದ ಹೊಲಿಗೆ ಶುರು. ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ಒಳಗೆ ಬರುತ್ತಾರೆ, ನಡುವಿನಲ್ಲಿ ಮುಗಿಯುತ್ತದೆ. ಕಾಗದದ ಮೇಲೆ ಬರೆದ ನಕ್ಷೆ ಇಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದು ಹೊಲಿಯುವವಳ ಕಣ್ಣಿಗೆ ಬಿಟ್ಟದ್ದು. ನಾಲ್ಕು ಮೂಲೆಯಲ್ಲೂ ಬಟ್ಟೆ ಮಡಚಿ ತ್ರಿಕೋನದ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಪೂರ್ತಿ ಆದಂತಲ್ಲ. ಕ್ರೈಸ್ತ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆಯೂ ಇರುತ್ತದೆ.

ವರದ ಭಾಷೆಯಲ್ಲಿ ಇದನ್ನು ಓದಿ. ಬೇಡದ ಬಟ್ಟೆಯಲ್ಲಿ ಬೇಕಾದದ್ದನ್ನು ಕಾಣುವ ಕಣ್ಣು ಒಂದು. ಮಗು ಹುಟ್ಟುವ ಮೊದಲೇ ಅದರ ಅಳತೆಗೆ ಪುಟ್ಟ ಕೌದಿ ಹೊಲಿದಿಡುವ ಮುಂದಾಲೋಚನೆ ಇನ್ನೊಂದು. ತಾಯಿಯ ಪಕ್ಕ ಕೂತು ಮಗಳು ಕಲಿಯುವ ವಿದ್ಯೆ ಮತ್ತೊಂದು. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಇದೆಲ್ಲ ಬಂದುಬಿಡುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ಈ ಕೌದಿಗಳಿಗೆ ಹೊರಗಿನ ಪ್ರದರ್ಶನಗಳಲ್ಲಿ ಬೆಲೆ ಬಂದ ಮೇಲೆ ಏಳುವ ಪ್ರಶ್ನೆ ಜ್ಞಾನೋಕ್ತಿಯದ್ದೇ: ಅವಳ ಕೈಯ ಫಲ ಅವಳಿಗೆ ಸೇರಿತಾ?

ಕಾರವಾರದ ಮೀನು ಮಾರ್ಕೆಟ್ಟಿಗೆ ಬನ್ನಿ. ಬೈತಖೋಲ್ ಬಂದರಿನಲ್ಲಿ ಹರಾಜು ಹಿಡಿದು, ಬುಟ್ಟಿ ತುಂಬಿಸಿಕೊಂಡು ಬಂದು ಕೂರುವವರು ಹೆಂಗಸರು. ಇಸ್ವಾಣದ ಕಿವಿ ಎತ್ತಿದರೆ ಅದು ಎಷ್ಟು ಹೊತ್ತಿನ ಮೀನು ಎಂದು ಹೇಳುತ್ತಾರೆ. ಯಾರು ಕೊಳ್ಳುತ್ತಾರೆ, ಯಾರು ಸುಮ್ನೆ ರೇಟು ಕೇಳಿ ಹೋಗುತ್ತಾರೆ ಎಂದು ಮುಖ ನೋಡಿದರೆ ಗೊತ್ತು. ಯಾರದ್ದು ಎಷ್ಟು ಸಾಲ ಎಂಬ ಲೆಕ್ಕ ತಲೆಯಲ್ಲೇ. ಶೆಟ್ಲಿ ಬೆಲೆ ಮಧ್ಯಾಹ್ನಕ್ಕೆ ಎಷ್ಟು ಇಳಿಸಬೇಕು ಎಂಬ ಅಂದಾಜೂ ಉಂಟು. ಇದನ್ನು ‘ಬಾಯಿ ಜೋರು’ ಎಂದು ತಳ್ಳಿಹಾಕುವವರಿದ್ದಾರೆ. ಪೌಲನ ಪಟ್ಟಿಯಲ್ಲಿ ಇದಕ್ಕೆ ಸರಿಯಾದ ಹೆಸರುಗಳಿವೆ: ತಿಳಿವಳಿಕೆ, ವಿವೇಕ, ಆಡಳಿತ.

ಈ ಹೆಂಗಸರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವಲ್ಲ ಎನ್ನಬಹುದು. ಕ್ರೈಸ್ತ ನಂಬಿಕೆಯಲ್ಲಿ ಅದಕ್ಕೂ ಜಾಗ ಇದೆ. ದೇವರು ಬಿಸಿಲು ಮಳೆಯನ್ನು ಎಲ್ಲರಿಗೂ ಕೊಡುತ್ತಾನೆ ಎಂದು ಯೇಸು ಹೇಳಿದರು. ಪ್ರತಿಭೆಯೂ ಹಾಗೇ ಎಲ್ಲರಿಗೂ ಹಂಚಿಹೋಗಿದೆ ಎನ್ನುತ್ತಾರೆ ಕ್ರೈಸ್ತ ಚಿಂತಕರು. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದವರು. ಯಾವ ಜಾತಿಯ ಮರದಲ್ಲಿ ಬೀಜಕ್ಕೆ ತಾಯಿಮರ ಯಾವುದು ಎಂದು ಕಾಡಿನಲ್ಲಿ ಗುರುತಿಸಬಲ್ಲವರಾಗಿದ್ದರು. ಪದ್ಮಶ್ರೀ ಬಂದಾಗ ಲೋಕಕ್ಕೆ ಗೊತ್ತಾಯಿತು. ವಿದ್ಯೆ ಅದಕ್ಕೂ ಎಷ್ಟೋ ಮೊದಲು ಅಲ್ಲೇ ಇತ್ತು, ದಿನಗೂಲಿಯ ಲೆಕ್ಕದಲ್ಲಿ.

ವರ ಯಾವಾಗ ಹೊರೆಯಾಗುತ್ತದೆ?

ಈ ವಿಷಯದ ಸೂಕ್ಷ್ಮ ಜಾಗ ಇದು. ನಿಮಗೆ ತಾಳ್ಮೆ ಜಾಸ್ತಿ, ಈ ಅರ್ಜಿದಾರರನ್ನು ನೀವೇ ನೋಡಿಕೊಳ್ಳಿ. ಹೆಂಗಸರ ಕೈಯಲ್ಲಿ ಅಚ್ಚುಕಟ್ಟು, ಕಾರ್ಯಕ್ರಮದ ಚಹಾ ತಿಂಡಿ ನಿಮಗೇ ಇರಲಿ. ಕೇಳಲು ಹೊಗಳಿಕೆ. ಆದರೆ ಬಡ್ತಿಯ ಪಟ್ಟಿ ಮಾಡುವಾಗ ಆ ತಾಳ್ಮೆಗೆ ಅಂಕ ಇರುವುದಿಲ್ಲ. ಸಿಟ್ಟಾದ ರೋಗಿಯ ಮನೆಯವರನ್ನು ಸಮಾಧಾನ ಮಾಡಿದ ನರ್ಸ್, ಅಳುವ ಮಗುವನ್ನು ಮೊದಲ ದಿನ ತರಗತಿಯಲ್ಲಿ ಕೂರಿಸಿದ ಟೀಚರ್, ಇವರ ಆ ಕೆಲಸ ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಚರ್ಚಿನ ಸಂಸ್ಥೆಗಳೂ ಇದರಿಂದ ಹೊರತಲ್ಲ. ಸೇವೆ ಎಂಬ ಮಾತು ಕಡಿಮೆ ಸಂಬಳಕ್ಕೆ ನೆಪ ಆಗಬಹುದು.

ಪೋಪ್ ಫ್ರಾನ್ಸಿಸ್ 2013ರಲ್ಲಿ ಇದನ್ನೇ ಹೇಳಿದರು. ಚರ್ಚಿನಲ್ಲಿ ಹೆಣ್ಣಿನ ಸೇವೆ ಗುಲಾಮಿಕೆಯ ಕಡೆಗೆ ಜಾರುವುದನ್ನು ಕಂಡರೆ ನನಗೆ ನೋವಾಗುತ್ತದೆ ಎಂದರು. ಹಾಗಾದರೆ ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಪೌಲನ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವರ ಎಲ್ಲರ ಹಿತಕ್ಕೆ. ಆ ಎಲ್ಲರಲ್ಲಿ ಅವಳೂ ಸೇರಬೇಕು. ಹೊರೆ ಅವಳಿಗೆ, ಲಾಭ ಬೇರೆಯವರಿಗೆ ಎಂದಾದರೆ ಅದು ವರದ ಲೆಕ್ಕದಲ್ಲಿ ಬರುವುದಿಲ್ಲ. ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬನ ಪತ್ರದಲ್ಲಿ ಒಂದು ಕಟು ಮಾತೇ ಇದೆ.

ನಮ್ಮ ಕಾನೂನು ಇದೇ ಜಾಗಕ್ಕೆ ಬೇರೆ ದಾರಿಯಿಂದ ಬಂದಿದೆ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ 1976ರಲ್ಲಿ ಬಂತು. ಹತ್ತು ಜನ ಅಥವಾ ಹೆಚ್ಚು ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕೆಂಬ ಕಾಯ್ದೆ 2013ರದ್ದು. ಇದು ಸಿಸ್ಟರ್‌ಗಳ ಶಾಲೆಗೂ ಅನ್ವಯ, ಬ್ಯಾಂಕಿಗೂ ಅನ್ವಯ.

ಜನ ಕೇಳುವ ಇನ್ನೆರಡು ಪ್ರಶ್ನೆ

ಮದುವೆಯಾಗದವಳಿಗೆ, ಮಕ್ಕಳಿಲ್ಲದವಳಿಗೆ ಈ ವರ ಇಲ್ಲವಾ? ಇದೆ. ಲಿಡಿಯಾಳ ಗಂಡ ಮಕ್ಕಳ ಬಗ್ಗೆ ಬೈಬಲ್ ಒಂದು ಮಾತೂ ಹೇಳುವುದಿಲ್ಲ, ತಬಿಥಾಳ ಬಗ್ಗೆಯೂ ಇಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಮದುವೆಯನ್ನೇ ಬಿಟ್ಟು ಬಂದವರು. ಜಾನ್ ಪಾಲ್ ತಾಯ್ತನವನ್ನು ಹೆರುವುದಕ್ಕೆ ಮಾತ್ರ ಕಟ್ಟಿಹಾಕಲಿಲ್ಲ, ಇನ್ನೊಬ್ಬರಿಗೆ ಮನಸ್ಸಿನಲ್ಲಿ ಜಾಗ ಕೊಡುವುದನ್ನೂ ಅದರಲ್ಲಿ ಸೇರಿಸಿದರು.

ಹಾಗಾದರೆ ಆರೈಕೆ ಗಂಡಸಿನ ಕೆಲಸ ಅಲ್ಲವಾ? ಇದಕ್ಕೆ ಹಳೆಯ ಉತ್ತರವೊಂದಿದೆ. ಪ್ರೊಟೆಸ್ಟಂಟ್ ಸುಧಾರಣೆಯ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ, ಮಗುವಿನ ಹೇಲು ಬಟ್ಟೆ ತೊಳೆಯುವ ಅಪ್ಪನ ಪ್ರಸ್ತಾಪ ಮಾಡಿದರು. ಊರವರು ಅವನನ್ನು ನೋಡಿ ನಗಬಹುದು, ಆದರೆ ಅವನು ಅದನ್ನು ನಂಬಿಕೆಯಿಂದ ಮಾಡಿದರೆ ದೇವರು ಸಕಲ ದೇವದೂತರೊಡನೆ ಸಂತೋಷಪಡುತ್ತಾನೆ ಎಂದರು. ಕೆಲಸ ಚಿಕ್ಕದೋ ದೊಡ್ಡದೋ, ಪಾದ್ರಿಯದೋ ಚಮ್ಮಾರನದೋ, ಎಲ್ಲವೂ ದೇವರ ಕರೆ ಎಂಬುದು ಲೂಥರ್ ಅವರ ದೊಡ್ಡ ವಾದ. ಅದರಲ್ಲಿ ಮಗುವಿನ ಆರೈಕೆಯನ್ನು ಅವರು ಅಪ್ಪನ ಪಾಲಿಗೂ ಹಾಕಿದ್ದರು.

ನಮ್ಮ ನಿಯಮಗಳು ಅಷ್ಟು ದೂರ ಇನ್ನೂ ಬಂದಿಲ್ಲ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಿತು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಅದರಲ್ಲಿ ತಂದೆಯ ಹೆಸರಿಲ್ಲ. ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆ ಸಿಗುತ್ತದೆ. ಖಾಸಗಿ ಕಂಪನಿಯಲ್ಲಿ ದುಡಿಯುವ ಅಪ್ಪನಿಗೆ ಅಂಥ ರಜೆ ಕೊಡಲೇಬೇಕು ಎಂಬ ಕಾನೂನು ಇಲ್ಲ, ಅದು ಕಂಪನಿಯವರ ಮನಸ್ಸಿಗೆ ಬಿಟ್ಟದ್ದು.